ಕಣ್ಣಾರೆ ಕಂಡ ಡಾಕ್ಟರುಗಳ ಪಟ್ಟಿ

"ಸುಮಾರು" ಎಂಬ ಮಾತು ಅವರ ಕಿವಿಗೆ ಆಗುತ್ತಿರಲಿಲ್ಲ. ಹಬ್ಬದ ದಿನ ಊಟಕ್ಕೆ ಎಷ್ಟು ಜನ ಎಂದು ಕೇಳಿದಾಗ ನಾನು "ಸುಮಾರು ಹತ್ತು ಜನ ಅಕ್ಕ" ಎಂದರೆ, ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು.

"ಸುಮಾರು ಅಂದ್ರ ಏನವ್ವಾ? ಯಾರರೆ ಅರ್ಧಾ ಬರ್ತಾರೇನು? ಹೆಸರು ಹೇಳು, ಬೆರಳು ಮಡಚ್ತೀನಿ."

ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಹೆಸರಿಗೆ ಒಂದೊಂದು ಬೆರಳು ಮಡಚಿದರೆ ಹನ್ನೊಂದಾಗಿರುತ್ತಿತ್ತು. "ನೋಡು, ಒಬ್ಬರನ್ನ ಉಪವಾಸ ಕೆಡವ್ತಿದ್ದಿ" ಎಂದು ನಕ್ಕು ಇನ್ನೊಂದು ಬೊಗಸೆ ಹಿಟ್ಟು ಸುರಿಯುತ್ತಿದ್ದರು.

ಅವರು ಹೋದ ತಿಂಗಳು ತೀರಿಕೊಂಡರು. ಮಗಳು ವಿಜಯವಾಡದಿಂದ ಫೋನ್ ಮಾಡಿ, "ಅಮ್ಮ ನಿದ್ರಲೋನೇ ಹೋಗ್ಬಿಟ್ರು ಆಂಟೀ. ಏಮೀ ಕಷ್ಟ ಪಡಲಿಲ್ಲಂಡಿ" ಎಂದಳು. ಅಲ್ಲೇ ಓದಿ ಬೆಳೆದವಳು, ಅವಳ ಕನ್ನಡದಲ್ಲಿ ಅರ್ಧ ತೆಲುಗು. ಫೋನಿಟ್ಟ ಮೇಲೆ ನನಗೆ ಅಳುವಿಗಿಂತ ಮೊದಲು ಬಂದದ್ದು ಒಂದು ಚಿತ್ರ. ತುಂಬಿದ ಸಭೆಯ ಕೊನೆಯ ಸಾಲಿನಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತ ಅವರು. ಆ ದಿನವನ್ನು ಕಂಡವರು ಈಗ ಹೆಚ್ಚು ಜನ ಉಳಿದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಅವರ ಹೆಸರು ಇಲ್ಲಿ ಬೇಡ. ನನಗೆ ಅವರು ಅಕ್ಕ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನ್ನ ಯಜಮಾನರು ನೌಕಾಪಡೆಯಲ್ಲಿ ಪೆಟ್ಟಿ ಆಫೀಸರ್. ಕ್ವಾರ್ಟರ್ಸ್ ಸಿಗುವ ತನಕ ಇರಲಿ ಎಂದು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಎರಡು ಕೋಣೆಯ ಮನೆ ಹಿಡಿದು, ನನ್ನನ್ನೂ ನನ್ನ ಟೈಪ್‌ರೈಟರನ್ನೂ ಅಲ್ಲಿ ಇಳಿಸಿ ಹಡಗು ಹತ್ತಿದ್ದರು. ತುಮಕೂರಿನಲ್ಲಿ ಸೀನಿಯರ್ ಟೈಪಿಂಗ್ ಪಾಸು ಮಾಡಿದ್ದೆ. ಆದರೆ ತೆಲುಗು ಬಾರದ ಊರಿನಲ್ಲಿ ನನಗೆ ಕೆಲಸ ಕೊಡುವವರು ಯಾರು? ದಿನವಿಡೀ ಕಿಟಕಿಯ ಬಳಿ ಕೂತು, ಸ್ಕೂಟರಿನಲ್ಲಿ ಆಫೀಸಿಗೆ ಹೋಗುವವರನ್ನು ನೋಡುತ್ತಿದ್ದೆ. ಮನೆ ಸೇರಿ ಮೂರನೆಯ ವಾರವೋ ಏನೋ, ಮಹಡಿಯ ಮೆಟ್ಟಿಲಿನಿಂದ ಗಟ್ಟಿ ದನಿಯೊಂದು ಕೇಳಿಸಿತು.

"ಕನ್ನಡ ವಾರಪತ್ರಿಕಿ ನಿಮ್ಮದೇನ್ರೀ? ಪೋಸ್ಟ್‌ಮ್ಯಾನ್ ನಮ್ಮನ್ಯಾಗ ಒಗದು ಹೋಗ್ಯಾನ. ಓದಿ ಮುಗಿಸೀನಿ, ತಗೋರಿ."

ಹೀಗೆ ಪರಿಚಯವಾಯಿತು. ಎತ್ತರದ ಹೆಂಗಸು, ಇಳಕಲ್ ಸೀರೆ, ಬಲಗೈಗೆ ಗಂಡಸರ ವಾಚು. ಧಾರವಾಡದವರು. ಮದುವೆಗೆ ಮುಂಚೆ ಕಾಲೇಜಿನಲ್ಲಿ ಎರಡು ವರ್ಷ ಸಂಖ್ಯಾಶಾಸ್ತ್ರ ಕಲಿಸಿದ್ದರು. ಗಂಡ ಬ್ಯಾಂಕಿನಲ್ಲಿ ಆಫೀಸರ್. ವರ್ಗದ ಮೇಲೆ ವರ್ಗವಾಗಿ, ಅಕ್ಕನ ಕೆಲಸ ಯಾವುದೋ ಊರಿನಲ್ಲಿ ಕಳಚಿಬಿದ್ದಿತ್ತು. ಮನೆಯಲ್ಲಿ ಗಂಡ, ಶಾಲೆಗೆ ಹೋಗುವ ಮಗಳು, ಉಬ್ಬಸದ ಅತ್ತೆ.

ಎಲ್ಲ ಶುರುವಾದದ್ದು ಆ ಅತ್ತೆಯ ಉಬ್ಬಸದಿಂದ. ಒಂದು ಸಂಜೆ ಮುದುಕಿಗೆ ಉಸಿರು ಸಿಕ್ಕಿಕೊಂಡಿತು. ಭಾವನವರು ಬ್ಯಾಂಕಿನಲ್ಲಿದ್ದರು. ಅಕ್ಕ ಮನೆಯಲ್ಲಿದ್ದ ಒಂದು ಪುಸ್ತಿಕೆ ತೆಗೆದರು. ಕುಟುಂಬ ವೈದ್ಯರ ಸಂಘದವರು ಅಚ್ಚು ಹಾಕಿಸಿ ಎಲ್ಲ ಬ್ಯಾಂಕು, ಕಚೇರಿಗಳಿಗೆ ಹಂಚಿದ್ದ ಪಟ್ಟಿ ಅದು. ಅತ್ತೆಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು, ನನ್ನನ್ನೂ ಜೊತೆಗೆ ಎಳೆದುಕೊಂಡು ಹತ್ತಿರದ ಡಾಕ್ಟರ ಮನೆಗೆ ಹೋದರು. ಬಾಗಿಲು ತೆರೆದ ಹೆಂಗಸು, ಡಾಕ್ಟರು ತೀರಿಕೊಂಡು ನಾಲ್ಕು ವರ್ಷವಾಯಿತು ಎಂದರು. ಎರಡನೆಯವರು ಮಸ್ಕತ್ತಿನಲ್ಲಿದ್ದರು. ಮೂರನೆಯವರು ಮನೆಯಲ್ಲೇ ಇದ್ದರು, ಆದರೆ ಡಾಕ್ಟರಿಕೆ ಬಿಟ್ಟು ಸೀಗಡಿ ವ್ಯಾಪಾರಕ್ಕಿಳಿದಿದ್ದರು. ಸ್ಟೆತೊಸ್ಕೋಪ್ ಎಲ್ಲಿದೆಯೋ ಹುಡುಕಬೇಕು ಎಂದರು. ಮುದುಕಿ ರಿಕ್ಷಾದಲ್ಲಿ ಗೊರಗೊರ ಎನ್ನುತ್ತಿದ್ದರು. ನಾಲ್ಕನೆಯ ಬಾಗಿಲಲ್ಲಿ ಒಬ್ಬರು ನಿಜವಾದ ಡಾಕ್ಟರು ಸಿಕ್ಕರು, ಸೂಜಿ ಹಾಕಿದರು, ಉಸಿರು ತಿರುಗಿತು.

ಬೇರೆ ಯಾರಾದರೂ ಅಲ್ಲಿಗೆ ದೇವರಿಗೆ ಕೈಮುಗಿದು ಸುಮ್ಮನಾಗುತ್ತಿದ್ದರು. ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಅಕ್ಕ ನನ್ನನ್ನು ಕರೆದುಕೊಂಡು ಜಗದಾಂಬ ಸೆಂಟರಿನ ಹತ್ತಿರವಿದ್ದ ಸಂಘದ ಕಾರ್ಯದರ್ಶಿಯ ಕ್ಲಿನಿಕ್ಕಿನಲ್ಲಿ ಕೂತಿದ್ದರು.

ಕಾರ್ಯದರ್ಶಿ ಬಿಳಿ ಪ್ಯಾಂಟು, ಬಿಳಿ ಶರಟಿನ ಹಿರಿಯ ಡಾಕ್ಟರು. ಕರಾವಳಿ ಜಿಲ್ಲೆಗಳ ಪಟ್ಟಿಯೆಲ್ಲ ಅವರ ಸುಪರ್ದಿನಲ್ಲೇ ಇತ್ತು. ಆ ಪಟ್ಟಿ ವರ್ಷ ವರ್ಷ ದಪ್ಪವಾಗುವುದನ್ನು ಅವರು ಮಗು ಬೆಳೆದಂತೆ ನೋಡಿ ಸಂತೋಷಪಟ್ಟವರು. ಅಕ್ಕನ ಕಥೆಯನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

"ಸೇರಿಸಿಕೊಳ್ಳಿ ಅಂತ ಅರ್ಜಿ ಬರುತ್ತಮ್ಮಾ. ತೆಗೆದುಹಾಕಿ ಅಂತ ಯಾರೂ ಅರ್ಜಿ ಹಾಕೋದಿಲ್ಲ. ನಾನೇನು ಮಾಡಲಿ?"

"ಹೋಗಿ ನೋಡಬೇಕ್ರಿ" ಎಂದರು ಅಕ್ಕ. ಅವರ ತೆಲುಗು ಎಂದರೆ ಧಾರವಾಡದ ಕನ್ನಡಕ್ಕೆ ಕೊನೆಯಲ್ಲೊಂದು "ಅಂಡಿ" ಅಂಟಿಸಿದ್ದು. ಆದರೂ ಎಲ್ಲರಿಗೂ ಅರ್ಥವಾಗುತ್ತಿತ್ತು.

"ಇಷ್ಟು ಜನರನ್ನು ಹೋಗಿ ನೋಡೋರು ಯಾರು?"

"ನಾನು. ಈಕಿ."

ನಾನು ಬೆಚ್ಚಿ ತಿರುಗಿದೆ. ಕಾರ್ಯದರ್ಶಿ ನಕ್ಕರು. ನಾಲ್ಕು ದಿನ ಸುತ್ತಿ ಸುಸ್ತಾಗುತ್ತಾರೆ ಎಂದುಕೊಂಡರೋ ಏನೋ, ಸಂಘದ ಕಾಗದದ ಮೇಲೆ ಒಂದು ಪರಿಚಯ ಪತ್ರ ಬರೆದು ಮೊಹರು ಒತ್ತಿ ಕೊಟ್ಟರು.

ಹಾಗೆ ನಾವು ಬೀದಿಗಿಳಿದೆವು. ಹಳೆಯ ಮದುವೆ ಕಾಗದಗಳನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಅದರ ಹಿಂಬದಿಯ ಬಿಳಿ ಭಾಗವನ್ನೇ ಅಕ್ಕ ಕಾರ್ಡು ಮಾಡಿದರು. ಒಬ್ಬ ಡಾಕ್ಟರಿಗೆ ಒಂದು ಕಾರ್ಡು. ಬೆಳಗ್ಗೆ ಮಗಳು ಶಾಲೆಗೆ, ಭಾವನವರು ಬ್ಯಾಂಕಿಗೆ ಹೊರಟ ಮೇಲೆ ನಾವು ಹೊರಡುತ್ತಿದ್ದೆವು. ಡಾಕ್ಟರು ರೋಗಿ ನೋಡುವುದನ್ನು ಅಕ್ಕ ಕಣ್ಣಿನಿಂದ ನೋಡಬೇಕು. ವಾರದಲ್ಲಿ ಎಷ್ಟು ದಿನ ಕೂರುತ್ತಾರೆ, ಮಕ್ಕಳಿಂದ ಮುದುಕರ ತನಕ ಎಲ್ಲರನ್ನೂ ನೋಡುತ್ತಾರಾ ಎಂದು ಕೇಳಬೇಕು. ಆಮೇಲೆ ಪಕ್ಕದ ಮೆಡಿಕಲ್ ಶಾಪಿನಲ್ಲಿ ಅದನ್ನೇ ಇನ್ನೊಂದು ಸಲ ವಿಚಾರಿಸಬೇಕು. ಎರಡು ಮಾತೂ ಕೂಡಿದರೆ ಕಾರ್ಡಿನ ಮೇಲೆ ತಾರೀಖು ಬೀಳುತ್ತಿತ್ತು. ಕೂಡದಿದ್ದರೆ ಮತ್ತೊಂದು ದಿನ ಮತ್ತೆ ಅದೇ ಬೀದಿ.

"ಕಂಡಿದ್ದು ಈ ಕಡೆ ಬರಿ, ಕೇಳಿದ್ದು ಆ ಕಡೆ ಬರಿ. ಎರಡೂ ಕಲಸಬ್ಯಾಡ" ಎನ್ನುತ್ತಿದ್ದರು. ನಾನು ಮಧ್ಯಾಹ್ನ ಮನೆಗೆ ಬಂದು ಅವನ್ನೆಲ್ಲ ಎರಡು ಪ್ರತಿ ಟೈಪು ಮಾಡುತ್ತಿದ್ದೆ.

ಒಂದು ಬೀದಿಯಲ್ಲಿ ಇಬ್ಬರು ಲೇಡಿ ಡಾಕ್ಟರುಗಳು ಎಂದು ಪಟ್ಟಿಯಲ್ಲಿತ್ತು. ಹೋಗಿ ನೋಡಿದರೆ ಒಬ್ಬರೇ. ಮದುವೆಗೆ ಮುಂಚೆ ತಂದೆಯ ಮನೆತನದ ಹೆಸರಿನಲ್ಲಿ ಒಂದು ಸಲ, ಮದುವೆಯ ನಂತರ ಗಂಡನ ಮನೆತನದ ಹೆಸರಿನಲ್ಲಿ ಇನ್ನೊಂದು ಸಲ ದಾಖಲಾಗಿದ್ದರು. ಆಕೆ ಬಿದ್ದು ಬಿದ್ದು ನಕ್ಕರು. "ನಾನು ಇಬ್ಬರಿದ್ದೀನಾ? ಹಾಗಾದರೆ ಒಬ್ಬಳು ಮನೆಗೆ ಹೋಗಿ ಅಡುಗೆ ಮಾಡಲಿ, ಇನ್ನೊಬ್ಬಳು ಇಲ್ಲಿ ಕೂರ್ತೀನಿ."

ಮೀನುಗಾರರ ಬಂದರಿನ ಹಿಂದಿನ ಓಣಿಯಲ್ಲಿ ಇದಕ್ಕೆ ಉಲ್ಟಾ ಆಯಿತು. ಅಲ್ಲಿ ಪಟ್ಟಿಯ ಪ್ರಕಾರ ಯಾರೂ ಇಲ್ಲ. ಆದರೆ ಮೆಡಿಕಲ್ ಶಾಪಿನವನು "ಡಾಕ್ಟರಮ್ಮನ ಚೀಟಿ" ಎನ್ನುತ್ತ ಔಷಧಿ ಕೊಡುತ್ತಿದ್ದ. ಯಾವ ಡಾಕ್ಟರಮ್ಮ ಎಂದು ಹುಡುಕಿಕೊಂಡು ಹೋದರೆ, ಬೋರ್ಡಿಲ್ಲದ ಮನೆಯ ಅಡುಗೆಕೋಣೆಯಲ್ಲಿ ಎಂಬಿಬಿಎಸ್ ಓದಿದ ಹೆಂಗಸೊಬ್ಬರು ಒಲೆಯ ಮೇಲೆ ಸೂಜಿ ಕುದಿಸುತ್ತಿದ್ದರು. ಮೀನು ಮಾರಿ ಬಂದ ಹೆಂಗಸರು ಖಾಲಿ ಬುಟ್ಟಿ ಪಕ್ಕಕ್ಕಿಟ್ಟು ಹಿತ್ತಿಲ ಬಾಗಿಲಲ್ಲಿ ಕೂತಿದ್ದರು. ಅತ್ತೆ ಮಾವ ಬೋರ್ಡು ಹಾಕಲು ಒಪ್ಪಿರಲಿಲ್ಲವಂತೆ. ಹನ್ನೆರಡು ವರ್ಷದಿಂದ ಆಕೆ ಹಾಗೇ ನೋಡುತ್ತಿದ್ದರು. ಅಕ್ಕ ಹೊರಗೆ ಬಂದವರೇ ನಡುಬೀದಿಯಲ್ಲಿ ನನ್ನ ಎರಡೂ ಕೈ ಹಿಡಿದು ಅಲ್ಲಾಡಿಸಿದರು.

"ಒಬ್ಬಾಕಿ ಸಿಕ್ಕಳು ನೋಡು! ಹತ್ತು ಮಂದಿ ತಗದಿದ್ದ ಸಂಕಟ ಹೋತು."

ಕಂಪೌಂಡರಾಗಿದ್ದು ಈಗ ತಾನೇ ಡಾಕ್ಟರಾಗಿ ಕೂತವರೂ ಬೇಕಾದಷ್ಟು ಸಿಕ್ಕರು. ಅವರಲ್ಲೊಬ್ಬ ಮುದುಕ ತುಂಬ ಒಳ್ಳೆಯವನು. ಬಡವರ ಓಣಿ, ಬೆಂಚಿನ ತುಂಬ ಜನ. "ನನ್ನನ್ನೂ ಬರೆದುಕೊಳ್ಳಮ್ಮಾ, ಇಡೀ ಓಣಿ ನನ್ನ ಹತ್ತಿರವೇ ಬರುತ್ತೆ" ಎಂದ.

"ಬರ್ತಾರ ಅನ್ನೂದು ಖರೆ. ಅದನ್ನೂ ಬರಕೋತೀನಿ. ಆದ್ರ ಡಾಕ್ಟರ್ ಅಂತ ಬರಿಯಾಂಗಿಲ್ಲ, ಕಾಕಾ" ಎಂದು ಅಕ್ಕ ಬೇರೆ ಬಣ್ಣದ ಕಾರ್ಡು ತೆಗೆದರು. ಮದುವೆ ಕಾಗದದ ಅರಿಸಿನ ಬಣ್ಣದ ಲಕೋಟೆ ಕತ್ತರಿಸಿ ಮಾಡಿದ್ದು. ಮುದುಕನಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಅವನು, "ನನ್ನ ಮೊಮ್ಮಗನಿಗೆ ಜ್ವರ ಬಂದರೆ ನಾನೇ ಬಸ್ಸು ಹತ್ತಿ ದೊಡ್ಡ ಡಾಕ್ಟರ ಹತ್ತಿರ ಹೋಗುತ್ತೇನೆ. ಅದನ್ನೂ ಬರೆದುಕೋ" ಎಂದ. ಅಕ್ಕ ಅದನ್ನೂ ಬರೆದುಕೊಂಡರು.

ಬಿಸಿಲಿನಲ್ಲಿ ತಿರುಗಿ ತಿರುಗಿ ನನಗೆ ತೆಲುಗು ಬಂತು. ಊರು ಬಂತು. ಯಜಮಾನರು ಹಡಗಿನಿಂದ ಬಂದಾಗ ಯಾವ ಬಸ್ಸು ಎಲ್ಲಿ ತಿರುಗುತ್ತದೆ ಎಂದು ನಾನೇ ಅವರಿಗೆ ಹೇಳಿಕೊಟ್ಟೆ. ಅಕ್ಕನ ಮನೆಯಲ್ಲಿ ಮಾತ್ರ ಸಾರು ಆಗಾಗ ಸೀದುಹೋಗುತ್ತಿತ್ತು. ಒಂದು ವರ್ಷ ಮಗಳ ಹುಟ್ಟುಹಬ್ಬವನ್ನೇ ಮರೆತು, ಆ ಹುಡುಗಿ ಎರಡು ದಿನ ಮಾತು ಬಿಟ್ಟಳು. ಭಾವನವರು ನಿಧಾನದ ಮನುಷ್ಯ. "ಊರ ಡಾಕ್ಟರನ್ನೆಲ್ಲಾ ಎಣಿಸ್ಯಾಳ. ಮನ್ಯಾಗ ಎಷ್ಟು ಮಂದಿ ಅದೀವಿ ಅಂತ ಕೇಳ್ರಿ, ಹೇಳಾಕ ಬರಾಂಗಿಲ್ಲ" ಎಂದು ನನ್ನೆದುರು ನಗುತ್ತಿದ್ದರು. ಅಕ್ಕನಿಗೆ ಆ ಮಾತು ಚುಚ್ಚುತ್ತಿತ್ತು. ಆದರೂ ಮರುದಿನ ಹೊರಡುತ್ತಿದ್ದರು.

ಪರವಾಡದ ಕಡೆ ಹೋಗುವ ತನಕ ನನಗೆ ಇದೊಂದು ಅಚ್ಚುಕಟ್ಟಿನ ಕೆಲಸ ಅಷ್ಟೇ ಆಗಿತ್ತು. ಊರಿಗೆ ನೈರುತ್ಯಕ್ಕೆ, ಪರವಾಡದ ರಸ್ತೆಯಿಂದ ಒಳಕ್ಕೆ ಹೋದರೆ ತಾಳೆಮರಗಳ ನಡುವೆ ಒಂದು ಹಳ್ಳಿ. ಪಟ್ಟಿಯಲ್ಲಿ ಆ ಹಳ್ಳಿಗೆ ಮೂವರು ಡಾಕ್ಟರುಗಳಿದ್ದರು. ನಾವು ಬಸ್ಸಿಳಿದು ವಿಚಾರಿಸಿದರೆ ಜನ ನಮ್ಮನ್ನೇ ಡಾಕ್ಟರೆಂದು ತಿಳಿದು ಮಕ್ಕಳನ್ನು ಎತ್ತಿಕೊಂಡು ಬಂದರು. ಶಾಲೆಯ ಮೇಷ್ಟರಮ್ಮ ನಮ್ಮನ್ನು ಜಗುಲಿಯಲ್ಲಿ ಕೂರಿಸಿ, ಬೀರುವಿನಿಂದ ಒಂದು ಕಾಗದ ತಂದು ಅಕ್ಕನ ಕೈಗಿಟ್ಟರು. ಊರಿಗೊಂದು ದವಾಖಾನೆ, ಒಬ್ಬ ಡಾಕ್ಟರು ಕೊಡಿ ಎಂದು ಊರವರು ಹಾಕಿದ್ದ ಅರ್ಜಿಗೆ ಬಂದ ಉತ್ತರ ಅದು. ವೈದ್ಯರ ಸಂಘದ ಪಟ್ಟಿಯಂತೆ ನಿಮ್ಮ ಗ್ರಾಮದಲ್ಲಿ ಈಗಾಗಲೇ ಮೂವರು ವೈದ್ಯರಿರುವುದರಿಂದ ಅವಶ್ಯಕತೆ ಕಂಡುಬರುವುದಿಲ್ಲ, ಎಂದಿತ್ತು.

"ಮೂವರೂ ನಮ್ಮೂರ ಹುಡುಗರೇ" ಎಂದರು ಮೇಷ್ಟರಮ್ಮ. "ಓದಿ ಮುಗಿಸಿದಾಗ ಅಪ್ಪನ ಮನೆಯ ವಿಳಾಸ ಕೊಟ್ಟಿರಬೇಕು. ಒಬ್ಬ ಹೈದರಾಬಾದಿನಲ್ಲಿದ್ದಾನೆ, ಒಬ್ಬ ಪರದೇಶದಲ್ಲಿ, ಮೂರನೆಯವನು ಕಾಲೇಜಿನಲ್ಲಿ ಪಾಠ ಹೇಳ್ತಾನೆ. ಹಬ್ಬಕ್ಕೂ ಬರೋದಿಲ್ಲ." ಆಮೇಲೆ ದನಿ ತಗ್ಗಿಸಿ, ಹೋದ ಮಳೆಗಾಲದಲ್ಲಿ ತನ್ನ ಶಾಲೆಯ ಒಬ್ಬ ಹುಡುಗಿಯ ತಾಯಿಗೆ ಹೆರಿಗೆ ಕಷ್ಟವಾಗಿ, ಗಾಡಿಯಲ್ಲಿ ಮಲಗಿಸಿಕೊಂಡು ಗಾಜುವಾಕದ ಕಡೆ ಹೊರಟಿದ್ದು, ಅರ್ಧ ದಾರಿಯಲ್ಲಿ ಗಾಡಿ ತಿರುಗಿಸಿಕೊಂಡು ಬಂದಿದ್ದು, ಎಲ್ಲ ಹೇಳಿದರು. ಆ ಹುಡುಗಿ ಅಲ್ಲೇ ಅಂಗಳದಲ್ಲಿ ಕಸ ಗುಡಿಸುತ್ತಿದ್ದಳು.

ವಾಪಸು ಬಸ್ಸಿನಲ್ಲಿ ಅಕ್ಕ ಮೂರೂ ಹೆಸರಿನ ಮೇಲೆ ಗೀಟು ಎಳೆದರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು. "ಆ ಮೂರು ಹೆಸರು ಕಾಗದದ ಮ್ಯಾಲೆ ಇರದಿದ್ರ, ಒಬ್ಬ ಖರೇ ಡಾಕ್ಟರ್ ಅಲ್ಲಿಗೆ ಬರ್ತಿದ್ದ, ತಂಗಿ."

ಎರಡು ವರ್ಷದ ತಿರುಗಾಟ ಮುಗಿದು ಕಾರ್ಡುಗಳನ್ನೆಲ್ಲ ಎಣಿಸಿದಾಗ, ನಮ್ಮ ಲೆಕ್ಕ ಹಳೆಯ ಪಟ್ಟಿಯ ವಿಶಾಖಪಟ್ಟಣದ ಭಾಗಕ್ಕಿಂತ ಎಷ್ಟೋ ಚಿಕ್ಕದಾಗಿ ನಿಂತಿತು. ಅಕ್ಕ ಮೂರು ಸಲ ಎಣಿಸಿದರು, ನನ್ನಿಂದ ಎರಡು ಸಲ ಎಣಿಕೆ ಮಾಡಿಸಿದರು. ಬದಲಾಗಲಿಲ್ಲ. ಅದನ್ನು ಕಾರ್ಯದರ್ಶಿಯ ಮುಂದಿಟ್ಟಾಗ ಅವರ ಮುಖ ಕೆಂಪಾಯಿತು.

"ಇದನ್ನು ಅಚ್ಚು ಹಾಕಿಸಿದರೆ ನಮ್ಮ ಸಂಘದ ಗತಿ ಏನಮ್ಮಾ? ಇಷ್ಟು ಸಾವಿರ ಡಾಕ್ಟರುಗಳ ಪರವಾಗಿ ಮಾತಾಡುತ್ತೇನೆ ಅಂತ ನಾನು ಸರ್ಕಾರದ ಮುಂದೆ ಹೋಗೋದು. ಅರ್ಧ ಜನ ಇಲ್ಲ ಅಂತ ನಾನೇ ಹೇಳಲಾ?"

"ಇಲ್ಲದವರನ್ನ ಅದಾರ ಅಂತ ಹೇಳಿದ್ರ ಅವರು ಬಂದು ರೋಗಿ ನೋಡ್ತಾರೇನ್ರಿ?"

"ಎರಡನ್ನೂ ಸೇರಿಸಿ ಒಂದು ನಡುವಿನ ಸಂಖ್ಯೆ ಹಾಕೋಣ. ಯಾರಿಗೂ ಬೇಸರ ಬೇಡ."

"ನಡುವಿನ ಸಂಖ್ಯೆ ಎರಡೂ ಕಡಿಂದ ಸುಳ್ಳು" ಎಂದರು ಅಕ್ಕ, ಕಾರ್ಡಿನ ಪೆಟ್ಟಿಗೆ ಎತ್ತಿಕೊಂಡರು. ಸಂಘದ ಹೆಸರಿನಲ್ಲಿ ಇದು ಹೊರಬರುವುದಿಲ್ಲ ಎಂದು ಕಾರ್ಯದರ್ಶಿ ಹಿಂದಿನಿಂದ ಹೇಳಿದ್ದು ನಮಗೆ ಕೇಳಿಸಿತು.

ಅದೇ ತಿಂಗಳು ಭಾವನವರಿಗೆ ವಿಜಯವಾಡಕ್ಕೆ ವರ್ಗವಾಯಿತು. ಸಾಮಾನು ಕಟ್ಟುವಾಗ ಅಕ್ಕ ಮೊದಲ ಸಲ ಸೋತವರಂತೆ ಕಂಡರು. ಕಾರ್ಡುಗಳನ್ನು ಅತ್ತೆಯ ಹಳೆಯ ಟ್ರಂಕಿಗೆ ತುಂಬಿಸಿ, ಟೈಪು ಮಾಡಿದ ಇನ್ನೊಂದು ಪ್ರತಿಯನ್ನು ನನ್ನ ಕೈಗೆ ಕೊಟ್ಟರು. "ಒಂದು ಕಡೆ ಬೆಂಕಿ ಬಿದ್ರ ಇನ್ನೊಂದು ಕಡೆ ಇರ್ಲಿ" ಎಂದರು. ರೈಲು ಹೊರಟ ಮೇಲೆ ನಾನು ಮನೆಗೆ ಬಂದು ಅತ್ತುಬಿಟ್ಟೆ.

ಹದಿನೈದು ದಿನಕ್ಕೆ ಪತ್ರ ಬಂತು. ಕ್ಷೇಮ ಸಮಾಚಾರ ಎರಡು ಸಾಲು. ಮೂರನೆಯ ಸಾಲು: "ಹಳೇ ಪ್ಯಾಟಿ, ಒನ್ ಟೌನ್, ಎಣಿಸಾಕ ಶುರು ಮಾಡೀನಿ. ಇಲ್ಲಿ ಮೆಣಸಿನಕಾಯಿ ಚೀಲದ ಹಿಂದೆಲ್ಲಾ ಡಾಕ್ಟರು ಕೂತಾರ. ಸೀನಿ ಸೀನಿ ಸಾಕಾತು. ಹಾಳಿ ಕಳಸ್ತೀನಿ, ಟೈಪ್ ಮಾಡು." ನಾನು ಪತ್ರ ಹಿಡಿದುಕೊಂಡು ಒಬ್ಬಳೇ ನಕ್ಕೆ. ಆ ವರ್ಷವಿಡೀ ಅಂಚೆಯಲ್ಲಿ ಹಾಳೆ ಬರುತ್ತಿತ್ತು, ಟೈಪಾಗಿ ಹೋಗುತ್ತಿತ್ತು.

ಸಂಘದ ದೊಡ್ಡ ಸಮ್ಮೇಳನ ವಿಜಯವಾಡದಲ್ಲೇ ನಡೆಯಿತು. ಅಕ್ಕನಿಗೆ ಆಹ್ವಾನವಿರಲಿಲ್ಲ. ಪರಿಚಯದ ಆ ಲೇಡಿ ಡಾಕ್ಟರು, ಎರಡು ಹೆಸರಿನವರು, ತಮ್ಮ ಅತಿಥಿಗಳೆಂದು ನಮ್ಮಿಬ್ಬರನ್ನೂ ಒಳಗೆ ಕರೆದುಕೊಂಡು ಹೋದರು. ನಾನು ಹಿಂದಿನ ದಿನವೇ ರೈಲಿನಲ್ಲಿ ಬಂದಿದ್ದೆ. ನಾವು ಕೊನೆಯ ಸಾಲಿನಲ್ಲಿ ಕೂತೆವು. ವೇದಿಕೆಯ ಮೇಲೆ ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರಿದ್ದರು. ನಮ್ಮ ಕಾರ್ಯದರ್ಶಿ ಹೊಸ ಪಟ್ಟಿಯನ್ನು, ಅಂದರೆ ಹಳೆಯದಕ್ಕೆ ಇನ್ನಷ್ಟು ಹೆಸರು ಸೇರಿಸಿದ್ದನ್ನು, ಎತ್ತಿ ತೋರಿಸಿ ಒಟ್ಟು ಸಂಖ್ಯೆ ಓದಿದರು. ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಂತ ಮೇಲೆ ಅಕ್ಕ ಎದ್ದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

"ಆ ಲೆಕ್ಕ ತಪ್ಪೈತ್ರಿ."

ತೆಲುಗಿನಲ್ಲೇ ಹೇಳಿದ್ದು. ನನಗೆ ಮಾತ್ರ ಧಾರವಾಡದ ದನಿಯೇ ಕೇಳಿಸಿತು. ಇಡೀ ಸಭೆ ಹಿಂದಕ್ಕೆ ತಿರುಗಿತು. ಯಾರೋ "ಈಕೆ ಡಾಕ್ಟರಾ?" ಎಂದರು. ಯಾರೋ "ಕೂತುಕೊಳ್ಳಮ್ಮಾ" ಎಂದರು. ನಾನು ಅವರ ಸೀರೆಯ ಅಂಚು ಹಿಡಿದುಕೊಂಡಿದ್ದೆ, ಕೂರಿಸಲೋ ನಿಲ್ಲಿಸಲೋ ನನಗೇ ತಿಳಿಯದು. ಅಧಿಕಾರಿ ಮೈಕಿನಲ್ಲಿ, "ನಿಮ್ಮ ಹತ್ತಿರ ಸರಿಯಾದ ಲೆಕ್ಕ ಇದೆಯಾ?" ಎಂದು ಕೇಳಿದರು. ದನಿಯಲ್ಲಿ ಸ್ವಲ್ಪ ತಮಾಷೆಯಿತ್ತು.

"ಐತ್ರಿ. ನಾ ಎಣಿಸಿದ ಎರಡು ಊರಿಂದು. ಆದ್ರ ನನ್ನ ಮಾತು ನಂಬಬ್ಯಾಡ್ರಿ. ಒನ್ ಟೌನ್ ಇಲ್ಲೇ ಹತ್ತಿರ ಐತಿ. ಅವರ ಪಟ್ಟಿಯಿಂದ ಹತ್ತು ಹೆಸರು ನೀವೇ ಆರಿಸ್ರಿ. ನನ್ನ ಕಾರ್ಡಿನಿಂದ ಹತ್ತು ಹೆಸರು ಅವರು ಆರಿಸಲಿ. ಊಟದ ಹೊತ್ತಿನ ಒಳಗ ಹೋಗಿ ನೋಡಿ ಬರ್ರಿ. ನಾ ಬರಾಂಗಿಲ್ಲ, ಇಲ್ಲೇ ಕೂಡ್ತೀನಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಹಿಂದಿನ ಸಾಲಿನ ಎಳೆಯ ಡಾಕ್ಟರುಗಳು ಬೆಂಚು ಬಡಿದು "ಹೋಗಲಿ, ಹೋಗಲಿ" ಎಂದರು. ಅಧಿಕಾರಿಗೂ ಕುತೂಹಲ ಹುಟ್ಟಿತ್ತು. ಅವರು ತಮ್ಮ ಸಹಾಯಕನನ್ನು ಕಳಿಸಿದರು. ವಿಜಯವಾಡದ ಒಬ್ಬ ಡಾಕ್ಟರು ಜೊತೆಯಾದರು. ಕಾರ್ಯದರ್ಶಿ, "ನಾನೇ ಹೋಗುತ್ತೇನೆ" ಎಂದು ವೇದಿಕೆಯಿಂದ ಇಳಿದರು. ಅಕ್ಕನ ಕಡೆಯಿಂದ ನಾನು.

ಒನ್ ಟೌನಿನ ಓಣಿಗಳಲ್ಲಿ ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ನಡೆದೆವು. ಕಾರ್ಯದರ್ಶಿಯ ಪಟ್ಟಿಯ ಮೊದಲ ಹೆಸರು ಸಿಕ್ಕಿತು, ಅವರಿಗೆ ಧೈರ್ಯ ಬಂತು. ಎರಡನೆಯದು ಸಿಗಲಿಲ್ಲ. ಮೂರನೆಯ ವಿಳಾಸದಲ್ಲಿ ಬಟ್ಟೆಯ ಗೋದಾಮಿತ್ತು. ಆರನೆಯ ವಿಳಾಸಕ್ಕೆ ಬಂದಾಗ ಅಲ್ಲಿ ಪ್ಲಾಸ್ಟಿಕ್ ಬಕೆಟ್ ಮಾರುವ ಅಂಗಡಿ. ಗಲ್ಲಾಪೆಟ್ಟಿಗೆಯ ಮೇಲೆ ಹಾರ ಹಾಕಿದ ಫೋಟೋ. ಅಂಗಡಿಯವನು ಕಾರ್ಯದರ್ಶಿಯನ್ನು ನೋಡಿದ್ದೇ ಎದ್ದು ಬಂದು ಕಾಲು ಮುಟ್ಟಿದ.

"ಡಾಕ್ಟರ್ ಗಾರೂ, ನೀವಾ! ಅಪ್ಪ ತೀರಿಹೋದಾಗ ಬಂದಿದ್ದಿರಿ. ಊಟ ಮಾಡದೆ ಹೊರಟುಬಿಟ್ಟಿರಿ ಅಂತ ಅಮ್ಮ ಈಗಲೂ ಹೇಳುತ್ತಾಳೆ."

ಫೋಟೋದಲ್ಲಿದ್ದವರು ಕಾರ್ಯದರ್ಶಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಡಾಕ್ಟರಿಕೆ ಓದಿದ ಗೆಳೆಯ. ಕಾರ್ಯದರ್ಶಿ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದರು, ಫೋಟೋ ನೋಡಿದರು. ಅಂಗಡಿಯವನು ತಂದ ಸ್ಟೂಲಿನ ಮೇಲೆ ಕೂತುಬಿಟ್ಟರು. ನೀರು ಕುಡಿದರು. ಉಳಿದ ಹೆಸರುಗಳಿಗೆ ನಮ್ಮ ಹಿಂದೆ ಹಿಂದೆ ಬಂದರು. ಅವರ ಹತ್ತರಲ್ಲಿ ನಾಲ್ವರು ಸಿಕ್ಕರು.

ಆಮೇಲೆ ಅಕ್ಕನ ಕಾರ್ಡುಗಳಿಗೆ ಹೊರಟೆವು. ಒಬ್ಬರು ಸಿಕ್ಕರು. ಇನ್ನೊಬ್ಬರು ಮೆಣಸಿನಕಾಯಿ ಮಂಡಿಯ ಹಿಂದೆ, ಕಾರ್ಡಿನಲ್ಲಿ ಬರೆದ ಹಾಗೇ, ಏಣಿಯಂಥ ಮೆಟ್ಟಿಲು ಹತ್ತಿದರೆ ಸಿಕ್ಕರು. ಒಬ್ಬೊಬ್ಬರೂ ರೋಗಿಯ ಕೈ ಹಿಡಿದುಕೊಂಡೇ ತಲೆಯೆತ್ತಿ ನಮ್ಮನ್ನು ನೋಡುತ್ತಿದ್ದರು. ಒಂಬತ್ತು ಆಯಿತು. ಹತ್ತನೆಯ ಬಾಗಿಲಿಗೆ ಬೀಗ! ಪಕ್ಕದ ಮೆಡಿಕಲ್ ಶಾಪಿನವನು, ಡಾಕ್ಟರು ಹೋದ ವಾರವಷ್ಟೇ ಕ್ಲಿನಿಕ್ಕು ಮುಚ್ಚಿ ಗುಂಟೂರಿನ ಮಗಳ ಮನೆ ಸೇರಿದರು ಎಂದ.

ಸಭೆಗೆ ಮರಳಿದಾಗ ಯಾರೂ ಊಟಕ್ಕೆ ಎದ್ದಿರಲಿಲ್ಲ. ಸಹಾಯಕ ಮೈಕಿನಲ್ಲಿ ಎರಡು ಲೆಕ್ಕವನ್ನೂ ಓದಿದ. ಅಧಿಕಾರಿ ಅಕ್ಕನ ಕಡೆ ನೋಡಿ, "ಅಂದರೆ ನಿಮ್ಮದರಲ್ಲೂ ತಪ್ಪಿದೆ" ಎಂದರು.

ಅಕ್ಕ ಆಗಲೇ ಕಾರ್ಡು ಇಸಿದುಕೊಂಡು ಗುಂಟೂರು ಎಂದು ಬರೆಯುತ್ತಿದ್ದರು. ತಲೆಯೆತ್ತಿ ಹೇಳಿದರು. "ಹೌದ್ರಿ. ನನ್ನದು ಹೋದ ವಾರ ತಪ್ಪಾತು. ಪ್ರತಿ ಕಾರ್ಡಿನ ಮ್ಯಾಲೆ ನೋಡಿದ ದಿನ ಬರದೈತಿ. ಅವರ ಪಟ್ಟಿ ಯಾವತ್ತು ತಪ್ಪಾತು ಅಂತ ಅವರಿಗೆ ಗೊತ್ತೈತೇನು, ಕೇಳ್ರಿ."

ಕೇಳಬೇಕಾಗಲಿಲ್ಲ. ಕಾರ್ಯದರ್ಶಿ ತಾವಾಗಿಯೇ ಮೈಕಿನ ಮುಂದೆ ಬಂದರು.

"ನನ್ನ ಗೆಳೆಯನ ಅಂತ್ಯಕ್ರಿಯೆಗೆ ನಾನೇ ಹೋಗಿದ್ದೆ. ಮರುವರ್ಷ ಅವನ ಹೆಸರನ್ನು ನಾನೇ ಅಚ್ಚಿಗೆ ಕಳಿಸಿದೆ. ಅದರ ಮರುವರ್ಷವೂ. ತೆಗೆಯಲು ನನಗೆ ಮನಸ್ಸೂ ಬರಲಿಲ್ಲ, ನೆನಪೂ ಬರಲಿಲ್ಲ. ತಪ್ಪು ನನ್ನದು. ಸಂಘ ಆ ಅಮ್ಮನ ಪಟ್ಟಿಯನ್ನೇ ಪ್ರಕಟಿಸಬೇಕು. ಪ್ರಕಟಿಸುತ್ತೆ."

ಆಮೇಲೆ ಎದ್ದ ಚಪ್ಪಾಳೆ ಬೆಳಗ್ಗಿನದಕ್ಕಿಂತ ಎಷ್ಟು ದೊಡ್ಡದೆಂದು ನಾನು ಹೇಳಲಾರೆ. ಮುಂದಿನ ಸಾಲಿನವರು ಎದ್ದು ನಿಂತರು. ಬೋರ್ಡಿಲ್ಲದ ಆ ಡಾಕ್ಟರಮ್ಮನೂ ಬಂದಿದ್ದರು, ಅದೇ ಮೊದಲ ಸಲವಂತೆ ಸಂಘದ ಸಭೆಗೆ ಬಂದದ್ದು. ಆಕೆ ಓಡಿಬಂದು ಅಕ್ಕನನ್ನು ತಬ್ಬಿಕೊಂಡರು. ಅಕ್ಕ ಕಾರ್ಡಿನ ಪೆಟ್ಟಿಗೆ ಬೀಳದಂತೆ ಎದೆಗವಚಿಕೊಂಡು, "ಊಟಕ್ಕ ನಡೀರಿ, ಎಲ್ಲಾರೂ ಹಸದೀರಿ" ಎನ್ನುತ್ತಿದ್ದರು. ಭಾವನವರು ಬಾಗಿಲ ಬಳಿ ನಿಂತಿದ್ದರು. ಬ್ಯಾಂಕಿನಿಂದ ಯಾವಾಗ ಬಂದರೋ. ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ಧೂಳು ಎಂದರು.

ಪುಸ್ತಕ ಒನ್ ಟೌನಿನ ಒಂದು ಮುದ್ರಣಾಲಯದಲ್ಲಿ ಅಚ್ಚಾಯಿತು. ಸಾದಾ ಹೊದಿಕೆ. ಪ್ರತಿ ಹೆಸರಿನ ಮುಂದೆ ಕಂಡ ದಿನ. ಕಂಪೌಂಡರುಗಳ ಭಾಗ ಬೇರೆ. ಕೊನೆಗೆ "ನಮಗೆ ತಿಳಿಯದ ಸಂಗತಿಗಳು" ಎಂದು ಒಂದು ಪುಟ. ಅದು ಬೇಡ, ಪುಸ್ತಕಕ್ಕೆ ಮರ್ಯಾದೆಯಲ್ಲ ಎಂದು ಮುದ್ರಣಾಲಯದವರು ಹೇಳಿದರೂ ಅಕ್ಕ ಬಿಡಲಿಲ್ಲ. ಒಳಗೆ ಒಂದು ಅಂಚೆ ಕಾರ್ಡು ಇಟ್ಟಿದ್ದರು, ತಪ್ಪು ಕಂಡರೆ ತಿಳಿಸಿ ಎಂದು. ಆ ಕಾರ್ಡುಗಳು ಬರತೊಡಗಿದವು. ಗಾಜುವಾಕದ ಕಡೆಯಿಂದ ಒಬ್ಬರು, ತಮ್ಮ ತಂದೆ ತೀರಿಕೊಂಡರು, ದಯವಿಟ್ಟು ಹೆಸರು ತೆಗೆಯಿರಿ ಎಂದು ಬರೆದರು. ಹಾಗೊಂದು ಅರ್ಜಿ ಬಂದದ್ದು ಸಂಘದ ಚರಿತ್ರೆಯಲ್ಲೇ ಮೊದಲು ಎಂದು ಕಾರ್ಯದರ್ಶಿ ಅದನ್ನು ಎಲ್ಲರಿಗೂ ತೋರಿಸಿದರು.

ಮರುವರ್ಷ ತಾಳೆಮರಗಳ ಹಳ್ಳಿಗೆ ಡಾಕ್ಟರು ಮಂಜೂರಾದರು. ಮೇಷ್ಟರಮ್ಮ ಅಕ್ಕನ ಪುಸ್ತಕದ ಪುಟವನ್ನೇ ಲಗತ್ತಿಸಿ ಮತ್ತೆ ಅರ್ಜಿ ಹಾಕಿದ್ದರು. ಅದರಲ್ಲಿ ಆ ಹಳ್ಳಿಯ ಮುಂದೆ "ಯಾರೂ ಇಲ್ಲ" ಎಂದಿತ್ತು. ದವಾಖಾನೆ ತೆರೆಯುವ ದಿನ ಅಕ್ಕ ವಿಜಯವಾಡದಿಂದ ಬಂದರು. ನಾವಿಬ್ಬರೂ ಹೋದೆವು. ಶಾಲೆಯ ಪಕ್ಕದ ಕೋಣೆಗೆ ಸುಣ್ಣ ಬಳಿದಿದ್ದರು, ಮಾವಿನ ತೋರಣ ಕಟ್ಟಿದ್ದರು. ಭಾಷಣ ಮಾಡಿದವರು ಯಾರು ಯಾರಿಗೋ ಕೃತಜ್ಞತೆ ಹೇಳಿದರು, ಅಕ್ಕನ ಹೆಸರು ಬರಲಿಲ್ಲ. ಅವರು ಅದನ್ನು ಗಮನಿಸಲೇ ಇಲ್ಲ. ಕಿಟಕಿಯಿಂದ ಒಳಗೆ ಇಣುಕಿ, ಎಳೆಯ ಡಾಕ್ಟರಮ್ಮ ಮೊದಲ ಮಗುವಿನ ಎದೆಗೆ ಸ್ಟೆತೊಸ್ಕೋಪ್ ಇಡುವುದನ್ನು ನೋಡುತ್ತಿದ್ದರು. ನೋಡಿ ಮುಗಿದ ಮೇಲೆ ವಾಚು ನೋಡಿಕೊಂಡು ಕಾರ್ಡು ತುಂಬಿಸಿದರು. ಮೇಷ್ಟರಮ್ಮ ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಸಂಜೆಯ ಬಸ್ಸಿನಲ್ಲಿ ಊರಿಗೆ ಹೊರಟೆವು. ಬಸ್ಸಿನ ತುಂಬ ಜನ. ಮುಂದಿನ ವರ್ಷ ಶ್ರೀಕಾಕುಳ ಎಣಿಸಬೇಕು, ಮಗಳನ್ನೂ ಕರೆದುಕೊಂಡು ಹೋಗುತ್ತೇನೆ ಎನ್ನುತ್ತ ಎನ್ನುತ್ತ ಅಕ್ಕ ನನ್ನ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋದರು. ಬಾಯಿ ಸ್ವಲ್ಪ ತೆರೆದಿತ್ತು. ಅಷ್ಟು ವರ್ಷಗಳಲ್ಲಿ ಅವರು ಹಗಲು ಹೊತ್ತು ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಕಂಡಕ್ಟರ್ ಜನರನ್ನು ಸರಿಸಿಕೊಂಡು ಬಂದು, "ಎಂತಮಂದಿ ಅಮ್ಮಾ?" ಎಂದ, ಎಷ್ಟು ಜನ ಎಂದು. ಅವರಿಗೆ ಎಚ್ಚರವಾಗದಂತೆ ನಾನು ಮೆಲ್ಲಗೆ ಹೇಳಿದೆ.

"ಇದ್ದರು."

ಇಬ್ಬರು ಎನ್ನಲು ತೆಲುಗಿನಲ್ಲಿ ಹಾಗೇ ಹೇಳುತ್ತಾರೆ. ಅವನು ಎರಡು ಟಿಕೆಟ್ ಹರಿದು ನನ್ನ ಕೈಗೆ ಕೊಟ್ಟ.